ದ್ವೀಪದ ಕಾರ್ಯಕ್ರಮಗಳಲ್ಲಿ ಊರು ಎಲ್ಲಿ ಹೋಗುತ್ತದೆ?

ತದಡಿ ತೀರ
ಉಷ್ಣವಲಯದ ದ್ವೀಪಗಳ ಬಗ್ಗೆ ಬರುವ ಟಿ.ವಿ. ಕಾರ್ಯಕ್ರಮಗಳನ್ನು ಬಿಡದೆ ನೋಡುವವರಿಗೆ ಒಂದು ಪ್ರಶ್ನೆ. ಅಲ್ಲಿ ವಾಸಿಸುವ ಜನರನ್ನು ಇವರು ಎಲ್ಲಿ ಬಚ್ಚಿಡುತ್ತಾರೆ?

ಇಂಡೋನೇಷ್ಯಾದ ಕೊಮೊಡೊ ದ್ವೀಪವನ್ನೇ ತೆಗೆದುಕೊಳ್ಳಿ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಮೇಲಿನಿಂದ ಡ್ರೋನ್, ಒಣಹುಲ್ಲಿನ ಗುಡ್ಡ, ನಾಲಿಗೆ ಚಾಚುತ್ತ ಬರುವ ದೈತ್ಯ ಉಡ, ಕಾಲವೇ ಇಲ್ಲಿ ನಿಂತುಬಿಟ್ಟಿದೆ ಎನ್ನುವ ಗಂಭೀರ ಧ್ವನಿ. ಅದೇ ದ್ವೀಪದಲ್ಲಿ ಕೊಮೊಡೊ ಎಂಬ ಹಳ್ಳಿಯೂ ಇದೆ. ಕಂಬಗಳ ಮೇಲೆ ನಿಂತ ಮನೆಗಳು, ಮಸೀದಿ, ಶಾಲೆ, ಮರದಲ್ಲಿ ಪುಟ್ಟ ಪುಟ್ಟ ಉಡಗಳನ್ನು ಕೆತ್ತಿ ಪ್ರವಾಸಿಗರಿಗೆ ಮಾರುವ ಜನ. ಅವರ ಕಥೆಯಲ್ಲಿ ಒಬ್ಬ ರಾಜಕುಮಾರಿ ಅವಳಿ ಹೆರುತ್ತಾಳೆ. ಒಂದು ಗಂಡುಮಗು, ಇನ್ನೊಂದು ಉಡ. ಮಗ ದೊಡ್ಡವನಾಗಿ ಕಾಡಿನಲ್ಲಿ ಆ ಉಡವನ್ನು ಕೊಲ್ಲಲು ಹೊರಟಾಗ ತಾಯಿ ಅಡ್ಡ ಬಂದು, ಇವಳು ನಿನ್ನ ಒಡಹುಟ್ಟಿದವಳು ಎನ್ನುತ್ತಾಳೆ. ಇಷ್ಟು ಒಳ್ಳೆಯ ಕಥೆಯನ್ನು ಬಿಟ್ಟು ಡ್ರೋನ್ ಹಾರಿಸುವುದು ಏಕೆ?

2019ರಲ್ಲಿ ಅಲ್ಲಿನ ಪ್ರಾಂತ್ಯದ ರಾಜ್ಯಪಾಲರು ದ್ವೀಪವನ್ನು ಪ್ರವಾಸಿಗರಿಗೆ ಮುಚ್ಚಿ, ಆ ಹಳ್ಳಿಯವರನ್ನು ಬೇರೆಡೆಗೆ ಸಾಗಿಸಬೇಕೆಂದು ಹೊರಟಿದ್ದರು. ಜನ ಪ್ರತಿಭಟಿಸಿದರು, ಕೊನೆಗೆ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಟಿ.ವಿ.ಯಿಂದಲೇ ಹೀಗಾಯಿತು ಎನ್ನುತ್ತಿಲ್ಲ. ಆದರೆ ಜಗತ್ತೆಲ್ಲ ಅರವತ್ತು ವರ್ಷ ಖಾಲಿ ದ್ವೀಪವನ್ನೇ ನೋಡಿದ್ದರೆ, ಅದನ್ನು ಖಾಲಿ ಮಾಡಿಸುವ ಮಾತು ಯಾರಿಗೂ ವಿಚಿತ್ರವಾಗಿ ಕೇಳಿಸುವುದಿಲ್ಲ.

ಪ್ರಾಣಿಯನ್ನೂ ಊರನ್ನೂ ಒಟ್ಟಿಗೆ ತೋರಿಸುವ ಕಾರ್ಯಕ್ರಮ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ರಿಮೋಟ್ ರಾಯರು
ಉಡ ನೋಡಲು ಕುಳಿತವನಿಗೆ ದ್ವೀಪದ ಪಡಿತರ ಅಂಗಡಿ ತೋರಿಸಿದರೆ ನಾನಂತೂ ಚಾನೆಲ್ ಬದಲಾಯಿಸುತ್ತೇನೆ.

ಎಡಿಟಿಂಗ್ ಮೇಜು
ರಾಯರ ಮಾತು ಒರಟು, ಆದರೆ ಉದ್ಯಮದ ಲೆಕ್ಕ ಅದೇ. ನಾನು ಸಾಕ್ಷ್ಯಚಿತ್ರಗಳ ಸಂಕಲನಕಾರ. ಹೆಚ್ಚಾಗಿ ಕೃಷಿ, ಆರೋಗ್ಯದ ಚಿತ್ರಗಳು. ಹಿನ್ನೆಲೆಯಲ್ಲಿ ಒಂದು ಮೊಬೈಲ್ ಗೋಪುರ ಕಂಡರೆ ಆ ದೃಶ್ಯಕ್ಕೆ ವಯಸ್ಸಾಗತೊಡಗುತ್ತದೆ. ಗುಡ್ಡ, ಸಮುದ್ರ ಮಾತ್ರ ಇದ್ದರೆ ಎಷ್ಟು ವರ್ಷವಾದರೂ ಮತ್ತೆ ಮತ್ತೆ ಮಾರಬಹುದು. ಮನುಷ್ಯ ಬಂದರೆ ಅಂಗಿ ಬರುತ್ತದೆ, ಅಂಗಿಯ ಹಿಂದೆ ಇಸವಿ ಬರುತ್ತದೆ.

ಇನ್ನೊಂದು ವಿಷಯ. ಬಿಬಿಸಿಯ 2016ರ ಪ್ಲಾನೆಟ್ ಅರ್ತ್ ಎರಡನೆಯ ಸರಣಿಯ ಮೊದಲ ಕಂತು ದ್ವೀಪಗಳ ಬಗ್ಗೆ. ಪಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಪೈಕಿ ಫರ್ನಾಂಡಿನಾದಲ್ಲಿ ಇಗುವಾನಾ ಎಂಬ ಹಲ್ಲಿ ಜಾತಿಯ ಪ್ರಾಣಿಯ ಮರಿಯೊಂದು ಹಾವುಗಳ ಹಿಂಡಿನಿಂದ ತಪ್ಪಿಸಿಕೊಳ್ಳುವ ದೃಶ್ಯ ನೆನಪಿದೆಯಲ್ಲ? ಅದು ಒಂದೇ ಮರಿಯ ಒಂದೇ ಓಟ ಆಗಿರಲಿಲ್ಲ. ಬೇರೆ ಬೇರೆ ಮರಿಗಳ ದೃಶ್ಯಗಳನ್ನು ಜೋಡಿಸಿದ್ದೆಂದು ಅದರ ನಿರ್ಮಾಪಕಿಯೇ 2017ರಲ್ಲಿ ಹೇಳಿದರು. ಎರಡೇ ಕ್ಯಾಮೆರಾ ಇಟ್ಟುಕೊಂಡು ಅಷ್ಟು ಕೋನಗಳಿಂದ ಒಂದೇ ಓಟವನ್ನು ಹಿಡಿಯಲು ಸಾಧ್ಯವೇ ಇಲ್ಲ. ಹೆಜ್ಜೆ ಸಪ್ಪಳ, ಸರಸರ ಸದ್ದು ಇಂಥವನ್ನೂ ಈ ಪ್ರಕಾರದಲ್ಲಿ ಬಹುಮಟ್ಟಿಗೆ ಸ್ಟುಡಿಯೋದಲ್ಲೇ ಸೇರಿಸುತ್ತಾರೆ.

ಮಲ್ಲೇಶಿ ಹುಬ್ಬಳ್ಳಿ
ಅಯ್ಯೋ, ಆ ಮರಿ ಬದುಕಿತೆಂದು ನಾನು ಸೋಫಾದಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ.

ಎಡಿಟಿಂಗ್ ಮೇಜು
ಮರಿ ಬದುಕಿತು. ಯಾವ ಮರಿ ಎಂದು ಮಾತ್ರ ಕೇಳಬೇಡಿ.

ಕಾಡುಹಾದಿ
ತದಡಿಯವರೇ, ಎಲ್ಲ ದ್ವೀಪಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಫರ್ನಾಂಡಿನಾದಲ್ಲಿ ನಿಜವಾಗಿಯೂ ಜನರಿಲ್ಲ. ಹೊರಗಿನಿಂದ ಬಂದ ಇಲಿ, ಬೆಕ್ಕು, ಮೇಕೆಗಳೂ ಇಲ್ಲ. ಗಲಾಪಗೋಸ್‌ನ ನೆಲದಲ್ಲಿ ನೂರಕ್ಕೆ 97 ಭಾಗ ರಾಷ್ಟ್ರೀಯ ಉದ್ಯಾನ. ಜನವಸತಿ ಇರುವುದು ಸಾಂತಾ ಕ್ರೂಸ್, ಸಾನ್ ಕ್ರಿಸ್ಟೋಬಲ್, ಇಸಬೆಲಾ, ಫ್ಲೋರಿಯಾನಾದಂಥ ಕೆಲವೇ ದ್ವೀಪಗಳಲ್ಲಿ. ಕ್ಯಾಮೆರಾ ಉಳಿದೆಡೆ ಹೋಗಿ ಖಾಲಿ ಜಾಗ ತೋರಿಸಿದರೆ ಅದರಲ್ಲಿ ಸುಳ್ಳೇನಿದೆ? ಇಲ್ಲದ ಊರನ್ನು ಎಲ್ಲಿಂದ ತರುವುದು?

ತದಡಿ ತೀರ
ಇಲ್ಲದ ಕಡೆ ಬೇಡ, ಇರುವ ಕಡೆ ತೋರಿಸಲಿ. ಸಾಂತಾ ಕ್ರೂಸ್‌ನ ಪುಯೆರ್ತೋ ಅಯೋರಾ ಊರಿನಲ್ಲಿ ಮೀನು ಮಾರುಕಟ್ಟೆಯ ಕಟ್ಟೆಗೆ ಕಡಲಸಿಂಹ ಬಂದು ಮೂತಿ ಇಟ್ಟು ಕಾಯುತ್ತದೆ. ಪೆಲಿಕನ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಮೀನು ಕೊಯ್ಯುವ ಹೆಂಗಸು ಅವನ್ನು ಕೈಯಲ್ಲೇ ತಳ್ಳುತ್ತಾಳೆ. ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ?

ಮೇಕೆಗಳ ಮಾತು ನೀವೇ ತೆಗೆದಿರಿ. 1997ರಿಂದ 2006ರವರೆಗೆ ಇಸಬೆಲಾ ಯೋಜನೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ಅಲ್ಲಿ ಕೊಂದರು. ಹೆಲಿಕಾಪ್ಟರಿನಿಂದ ಗುಂಡು ಹಾರಿಸಿ. ಕೊನೆಗೆ ಅಡಗಿಕೊಂಡ ಮೇಕೆಗಳನ್ನು ಹುಡುಕಲು ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿದ ಮೇಕೆಗಳನ್ನು ಬಿಟ್ಟರು. ಅವು ಸಂಗ ಹುಡುಕಿಕೊಂಡು ಹೋದಲ್ಲಿಗೆ ಬಂದೂಕು ಹೋಯಿತು. ದೈತ್ಯ ಆಮೆಗಳ ಮೇವು ಉಳಿದದ್ದು ಹೀಗೆ. ನಾವು ಟಿ.ವಿ.ಯಲ್ಲಿ ನೋಡುವ ಆ ಹಸಿರು ಇಳಿಜಾರಿನ ಹಿಂದೆ ಇಷ್ಟು ರಕ್ತ ಇದೆ. ಇದನ್ನು ಹೇಳದೆ 'ಅಸ್ಪೃಷ್ಟ ಪ್ರಕೃತಿ' ಎಂದರೆ ನನಗೆ ಕಿರಿಕಿರಿಯಾಗುತ್ತದೆ.

ಮಲ್ಲೇಶಿ ಹುಬ್ಬಳ್ಳಿ
ನಡುವೆ ಒಂದು ಸಂದೇಹ. ಕೊಮೊಡೊ ಉಡದ ಎಂಜಲಿನಲ್ಲಿರುವ ಕೊಳೆತ ಬ್ಯಾಕ್ಟೀರಿಯಾದಿಂದ ಕೋಣ ಸಾಯುತ್ತದೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಈಗ ಅದನ್ನು ಸುಳ್ಳು ಎನ್ನುತ್ತಾರಲ್ಲ?

ವಿಜ್ಞಾನ ಟೀಚರ್
ಮಲ್ಲೇಶಿಯವರೇ, ಹಳೆಯ ಕಾರ್ಯಕ್ರಮಗಳು ಎಲ್ಲವೂ ಹಾಗೆಯೇ ಹೇಳುತ್ತಿದ್ದವು. 2009ರಲ್ಲಿ ಬ್ರಯನ್ ಫ್ರೈ ಮತ್ತು ಸಂಗಡಿಗರು ಅದರ ಕೆಳದವಡೆಯಲ್ಲಿ ವಿಷಗ್ರಂಥಿಗಳಿವೆ ಎಂದು ತೋರಿಸಿದರು. ಆ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ರಕ್ತದೊತ್ತಡ ಇಳಿಸುತ್ತದೆ. 2013ರ ಇನ್ನೊಂದು ಅಧ್ಯಯನದಲ್ಲಿ ಅದರ ಬಾಯಿಯ ಬ್ಯಾಕ್ಟೀರಿಯಾಗಳು ಬೇರೆ ಮಾಂಸಾಹಾರಿಗಳ ಬಾಯಿಯವುಗಳಿಗಿಂತ ವಿಶೇಷವೇನಲ್ಲ ಎಂದು ಕಂಡುಬಂತು. ಬೇಟೆಯಲ್ಲಿ ವಿಷದ ಪಾಲು ಎಷ್ಟು, ಗರಗಸದಂಥ ಹಲ್ಲಿನ ಪಾಲು ಎಷ್ಟು ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಕೋಣದ ಗಾಯ ಕೊಳೆಯುವುದಕ್ಕೆ ಒಂದು ಕಾರಣ, ಗಾಯಗೊಂಡ ಕೋಣ ಹೋಗಿ ಸಗಣಿ ತುಂಬಿದ ಕೆಸರು ನೀರಿನಲ್ಲಿ ಮಲಗುವುದು.

ಈಗ ತದಡಿಯವರಿಗೆ ಒಂದು ಅಸ್ತ್ರ ಕೊಡುತ್ತೇನೆ. 2009ರ ಲೈಫ್ ಸರಣಿಯಲ್ಲಿ ಉಡಗಳು ಒಂದು ಕೋಣವನ್ನು ಕಚ್ಚಿ, ಅದು ಸಾಯುವವರೆಗೆ ಸುಮಾರು ಮೂರು ವಾರ ಹಿಂಬಾಲಿಸುವ ದೃಶ್ಯ ಇದೆಯಲ್ಲ? ಆ ನೀರುಕೋಣ ಆ ದ್ವೀಪಗಳ ಮೂಲನಿವಾಸಿಯೇ ಅಲ್ಲ. ಮನುಷ್ಯರು ದೋಣಿಯಲ್ಲಿ ತಂದದ್ದು. ಊರನ್ನು ಚೌಕಟ್ಟಿನಿಂದ ಹೊರಗೆ ಹಾಕಿದರೂ ಊರಿನ ಕೋಣ ನಡುಮಧ್ಯೆ ನಿಂತಿದೆ.

ರಿಮೋಟ್ ರಾಯರು
ಕೋಣ ದೋಣಿಯಲ್ಲಿ ಬಂದರೇನು, ವಿಮಾನದಲ್ಲಿ ಬಂದರೇನು? ಉಡಕ್ಕೆ ಊಟ ಸಿಕ್ಕಿತು, ನನಗೆ ದೃಶ್ಯ ಸಿಕ್ಕಿತು.

ತದಡಿ ತೀರ
ಟೀಚರ್, ಇದು ಗೊತ್ತಿರಲಿಲ್ಲ. ಬಹಳ ಉಪಕಾರ. ರಾಯರೇ, ನಿಮಗೆ ಉತ್ತರ ಆಮೇಲೆ.

ಪರ್ತ್ ಕನ್ನಡತಿ
ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಆಸ್ಟ್ರೇಲಿಯಾದ ಮುಖ್ಯಭೂಮಿಯಿಂದ ಅಲ್ಲಿಗೆ ವಿಮಾನ ಹೋಗುವುದು ನಮ್ಮ ಪರ್ತ್‌ನಿಂದಲೇ, ಹಾಗಾಗಿ ಇಲ್ಲಿ ಆ ದ್ವೀಪದ ಸುದ್ದಿ ಆಗಾಗ ಬರುತ್ತಿರುತ್ತದೆ. ಟಿ.ವಿ.ಯವರಿಗೆ ಆ ದ್ವೀಪವೆಂದರೆ ಕೆಂಪು ಏಡಿಗಳು, ಮುಗಿಯಿತು. ಮಳೆ ಶುರುವಾದೊಡನೆ, ಸಾಮಾನ್ಯವಾಗಿ ಅಕ್ಟೋಬರ್ ನವೆಂಬರ್ ಹೊತ್ತಿಗೆ, ಕೋಟಿಗಟ್ಟಲೆ ಏಡಿಗಳು ಕಾಡಿನಿಂದ ಕಡಲಿಗೆ ಇಳಿಯುತ್ತವೆ. ಕೃಷ್ಣಪಕ್ಷದ ಅರ್ಧಚಂದ್ರನ ಹೊತ್ತಿಗೆ, ಬೆಳಗಿನ ಜಾವ ಭರತ ಇಳಿಯತೊಡಗುವಾಗ ಹೆಣ್ಣುಗಳು ಮೊಟ್ಟೆ ಬಿಡುತ್ತವೆ. ಅವು ಹೊರಡುವುದು ಮಳೆ ನೋಡಿ, ತಲುಪಬೇಕಾದದ್ದು ಚಂದ್ರನನ್ನು ನೋಡಿ. ಮಳೆ ತಡವಾದರೆ ದಾರಿಯುದ್ದಕ್ಕೂ ಅವಸರ. ರಸ್ತೆ ಮುಚ್ಚುತ್ತಾರೆ, ಏಡಿ ದಾಟಲು ರಸ್ತೆಯ ಮೇಲೆ ಎತ್ತರದ ಸೇತುವೆ ಕಟ್ಟಿದ್ದಾರೆ. ಬಿಬಿಸಿಯ ಪ್ರಾಣಿ ಕಾರ್ಯಕ್ರಮಗಳ ನಿರೂಪಕ ಡೇವಿಡ್ ಅಟೆನ್‌ಬರೋ 1990ರ ಸರಣಿಯೊಂದರಲ್ಲಿ ಆ ಏಡಿಗಳ ಮಧ್ಯೆಯೇ ಕುಳಿತು ಮಾತನಾಡಿದ್ದರು.

ಅದೇ ದ್ವೀಪದಲ್ಲಿ ಫಾಸ್ಫೇಟ್ ಗಣಿ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಗಣಿಗಾಗಿ ಕರೆತಂದ ಚೀನೀ, ಮಲಯ ಕಾರ್ಮಿಕರ ವಂಶದವರು ಇಂದಿಗೂ ಅಲ್ಲಿದ್ದಾರೆ. ಬೌದ್ಧ ಗುಡಿಗಳಿವೆ, ಮಸೀದಿ ಇದೆ. ಆಮೇಲೆ ದೋಣಿಯಲ್ಲಿ ಬಂದ ನಿರಾಶ್ರಿತರನ್ನು ಕೂಡಿಹಾಕುವ ಬಂಧನ ಕೇಂದ್ರ 2008ರಲ್ಲಿ ತೆರೆಯಿತು. 2010ರ ಡಿಸೆಂಬರಿನಲ್ಲಿ ಆ ತೀರದ ಬಂಡೆಗಳಿಗೆ ದೋಣಿಯೊಂದು ಅಪ್ಪಳಿಸಿ ಸುಮಾರು ಐವತ್ತು ಜನ ಸತ್ತರು. ಏಡಿಗೆ ಸೇತುವೆ, ಮನುಷ್ಯನಿಗೆ ಬೇಲಿ.

ತದಡಿಯವರ ಪ್ರಶ್ನೆಗೆ ನೇರ ಉತ್ತರ ಎಂದರೆ 2018ರ 'ಐಲೆಂಡ್ ಆಫ್ ದಿ ಹಂಗ್ರಿ ಗೋಸ್ಟ್ಸ್'. ಏಡಿಗಳ ವಲಸೆ, ಬಂಧನ ಕೇಂದ್ರದವರಿಗೆ ಆಪ್ತಸಲಹೆ ಕೊಡುವ ಮಹಿಳೆ, ಸತ್ತ ಹಿರಿಯರಿಗಾಗಿ ಚೀನೀಯರು ಮಾಡುವ ವಿಧಿ, ಮೂರೂ ಒಂದೇ ಚಿತ್ರದಲ್ಲಿವೆ. ಟಿ.ವಿ. ಸರಣಿಯಲ್ಲ, ಸಾಕ್ಷ್ಯಚಿತ್ರ. ನಿಧಾನ. ರಾಯರು ನಿದ್ದೆ ಮಾಡಬಹುದು.

ರಿಮೋಟ್ ರಾಯರು
ಮಾಡುತ್ತೇನೆ.

ಕಾಡುಹಾದಿ
ಜನರನ್ನು ತೋರಿಸಿ ತೋರಿಸಿ ಎನ್ನುತ್ತೀರಿ. ತೋರಿಸಿದಾಗ ಏನಾಯಿತು, ನೋಡಿದಿರಾ? ಬಿಬಿಸಿಯ 2011ರ ಹ್ಯೂಮನ್ ಪ್ಲಾನೆಟ್ ಸರಣಿಯಲ್ಲಿ ನ್ಯೂಗಿನಿ ದ್ವೀಪದ ಕೊರೊವಾಯಿ ಜನ ಮುಗಿಲು ಮುಟ್ಟುವ ಮರದ ಮೇಲೆ ಮನೆ ಕಟ್ಟಿ ಸಂಸಾರ ಹೂಡುವುದನ್ನು ತೋರಿಸಿದರು. ಜಗತ್ತೇ ಬಾಯಿಬಿಟ್ಟು ನೋಡಿತು. 2018ರಲ್ಲಿ ವಿಲ್ ಮಿಲ್ಲಾರ್ಡ್ ಇನ್ನೊಂದು ಕಾರ್ಯಕ್ರಮಕ್ಕೆ ಅದೇ ಜನರ ಬಳಿ ಹೋದಾಗ ಅವರೇ ಹೇಳಿದರು: ಅದನ್ನು ಕ್ಯಾಮೆರಾದವರಿಗಾಗಿ ಕಟ್ಟಿದ್ದು, ನಾವು ಅಷ್ಟು ಎತ್ತರದಲ್ಲಿ ಇರುವುದಿಲ್ಲ. ಬಿಬಿಸಿ ಒಪ್ಪಿಕೊಂಡಿತು.

ಉಡ ನಟಿಸುವುದಿಲ್ಲ. ಮನುಷ್ಯ ಬಂದ ಕೂಡಲೇ ನಾಟಕ ಬರುತ್ತದೆ. ಅದಕ್ಕೆ ಉಡವೇ ವಾಸಿ.

ಎಡಿಟಿಂಗ್ ಮೇಜು
ಉಡವೂ ಪುಕ್ಕಟೆ ಬರುವುದಿಲ್ಲ ಸ್ವಾಮಿ. 1956ರಲ್ಲಿ ಅಟೆನ್‌ಬರೋ ಮೊದಲ ಬಾರಿಗೆ ಕೊಮೊಡೊಗೆ ಹೋದಾಗ ಅದನ್ನು ಕ್ಯಾಮೆರಾದ ಮುಂದೆ ಬರಿಸಿದ್ದು ಸತ್ತ ಮೇಕೆಯ ವಾಸನೆ.

ಹಳೆ ಆಂಟೆನಾ
ಕೊರೊವಾಯಿ ಮನೆಯಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಪಸಿಫಿಕ್‌ನ ವನುವಾಟುವಿನಲ್ಲಿ ಪ್ರಾಣವೇ ಹೋಯಿತು.

ಅಲ್ಲಿನ ಪೆಂಟಕಾಸ್ಟ್ ದ್ವೀಪದ ದಕ್ಷಿಣದ ಹಳ್ಳಿಗಳಲ್ಲಿ ಗಂಡಸರು ಮರದ ಅಟ್ಟಣೆಯ ಮೇಲಿನಿಂದ ಕಾಲಿಗೆ ಬಳ್ಳಿ ಕಟ್ಟಿಕೊಂಡು ಧುಮುಕುತ್ತಾರೆ. ಇಂದಿನ ಬಂಜೀ ಜಿಗಿತಕ್ಕೆ ಮೂಲ ಪ್ರೇರಣೆ. ಅವರಿಗೆ ಅದು ಆಟವಲ್ಲ, ಗೆಣಸಿನ ಬೆಳೆಗೆ ಸಂಬಂಧಪಟ್ಟ ಆಚರಣೆ. ನಡೆಯುವುದು ಏಪ್ರಿಲ್‌ನಿಂದ ಜೂನ್‌ವರೆಗೆ, ಏಕೆಂದರೆ ಮಳೆಗಾಲ ಕಳೆದ ಆ ತಿಂಗಳುಗಳಲ್ಲಿ ಬಳ್ಳಿಯಲ್ಲಿ ರಸ ತುಂಬಿ ಅದು ಸೆಳೆತ ತಾಳುತ್ತದೆ. 1974ರ ಫೆಬ್ರವರಿಯಲ್ಲಿ ಎಲಿಜಬೆತ್ ರಾಣಿ ಭೇಟಿ ಕೊಟ್ಟಾಗ ಅವರಿಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಜಿಗಿತ ಏರ್ಪಡಿಸಿದರು. ಬಳ್ಳಿ ತುಂಡಾಯಿತು. ಬಿದ್ದವನು ಬೆನ್ನು ಮುರಿದು, ಆಮೇಲೆ ತೀರಿಕೊಂಡ.

1960ರಲ್ಲೇ ಈ ಜಿಗಿತವನ್ನು ಬ್ರಿಟಿಷ್ ಟಿ.ವಿ. ತೋರಿಸಿತ್ತು. ಅಲ್ಲಿಂದ ಮುಂದೆ ಕ್ಯಾಮೆರಾ ಬರುವುದು ನಿಲ್ಲಲಿಲ್ಲ. ಕೊನೆಗೆ 2006ರಲ್ಲಿ ವನುವಾಟು ಸಾಂಸ್ಕೃತಿಕ ಕೇಂದ್ರದವರು ಅದರ ವಾಣಿಜ್ಯ ಚಿತ್ರೀಕರಣಕ್ಕೇ ತಡೆ ಹಾಕಿದರು. ನನ್ನ ಮಟ್ಟಿಗೆ ಇದೇ ಸರಿ. ತೋರಿಸಬೇಕೋ ಬೇಡವೋ ಎಂಬುದನ್ನು ನಾವು ಇಲ್ಲಿ ಕುಳಿತು ಚರ್ಚಿಸುವುದಲ್ಲ, ದ್ವೀಪದವರು ಹೇಳಬೇಕು.

ದಕ್ಕೆಯವ
ಉಡ, ಏಡಿ, ಬಳ್ಳಿ ಎಲ್ಲ ಆಯಿತು. ಮಳೆಗಾಲ ಬಿಟ್ಟರೆ ನಮ್ಮ ಮಂಗಳೂರಿನ ದಕ್ಕೆಯಿಂದ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡು ಮಂಜಿಗಳು, ಅಂದರೆ ಸರಕಿನ ದೋಣಿಗಳು, ಲಕ್ಷದ್ವೀಪಕ್ಕೆ ಹೋಗುತ್ತಿರುತ್ತವೆ. ಅಲ್ಲಿಂದ ತೆಂಗು, ಕೊಬ್ಬರಿ, ಹುರಿ ಬರುತ್ತಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಮೊದಲು 1787ರಿಂದ ಟಿಪ್ಪುವಿನ ಆಡಳಿತದಲ್ಲಿದ್ದವು. ಇದು ಎಷ್ಟು ಜನರಿಗೆ ಗೊತ್ತು?

ಟಿ.ವಿ.ಯಲ್ಲಿ ಲಕ್ಷದ್ವೀಪ ಎಂದರೆ ನೀಲಿ ನೀರು, ಬಿಳಿ ಮರಳು, ಒಂದು ತೆಂಗಿನ ಮರ, ಅದಕ್ಕೆ ಒರಗಿದ ನಿರೂಪಕಿ. ನಿಜ ಏನು? ಒಟ್ಟು ನೆಲ 32 ಚದರ ಕಿಲೋಮೀಟರ್, 2011ರ ಜನಗಣತಿಯಲ್ಲಿ 64 ಸಾವಿರ ಜನ. ಚದರ ಕಿಲೋಮೀಟರಿಗೆ ಎರಡು ಸಾವಿರ! ಇಷ್ಟು ದಟ್ಟವಾಗಿ ಜನ ಇರುವ ಜಾಗವನ್ನು ನಿರ್ಜನವಾಗಿ ತೋರಿಸುವುದಕ್ಕೂ ಒಂದು ಪ್ರತಿಭೆ ಬೇಕು.

ಅಲ್ಲಿನ ಮಿನಿಕಾಯ್ ದ್ವೀಪದಲ್ಲಿ ಮಾತನಾಡುವುದು ಮಾಲ್ದೀವ್ಸ್‌ನ ಭಾಷೆಗೆ ಸೇರಿದ ಮಹಲ್. ಅಲ್ಲಿನವರು ಸಣ್ಣ ಮೀನುಗಳನ್ನು ಜೀವಂತ ಎರೆಯಾಗಿ ನೀರಿಗೆ ಎಸೆದು, ಗಾಳದ ಕೋಲಿನಲ್ಲಿ ಒಂದೊಂದಾಗಿ ಟ್ಯೂನಾ ಎತ್ತುತ್ತಾರೆ. ಬಲೆ ಇಲ್ಲ. ಆಮೇಲೆ ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಸ್ ಮಾಡುತ್ತಾರೆ. ಕಟ್ಟಿಗೆಯ ಹಾಗೆ ಗಟ್ಟಿ. ಇದನ್ನು ಅರ್ಧ ಗಂಟೆ ನೆಟ್ಟಗೆ ತೋರಿಸಿದರೆ ನಾನು ಜಾಹೀರಾತನ್ನೂ ಬಿಡದೆ ನೋಡುತ್ತೇನೆ.

ರಿಮೋಟ್ ರಾಯರು
ಆ ಮಾಸ್ ಮಂಗಳೂರಿನಲ್ಲಿ ಸಿಗುತ್ತದೆಯೇ?

ದಕ್ಕೆಯವ
ಬಂದರು ಕಡೆ ವಿಚಾರಿಸಿ ರಾಯರೇ. ಪರಿಚಯ ಇರಬೇಕು. ತುರಿದು ತೆಂಗಿನಕಾಯಿ, ಈರುಳ್ಳಿ ಸೇರಿಸಿ ಅನ್ನಕ್ಕೆ ಕಲಸಿಕೊಳ್ಳಬೇಕು.

ಮಲ್ಲೇಶಿ ಹುಬ್ಬಳ್ಳಿ
ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕಂತೆ, ನಿಜವೇ? ಮೀನು ಒಗ್ಗದವರಿಗೆ ಅಲ್ಲಿ ಊಟದ ವ್ಯವಸ್ಥೆ ಹೇಗೆ?

ದಕ್ಕೆಯವ
ಪ್ರವೇಶ ಪರವಾನಗಿ ಬೇಕೇ ಬೇಕು. ಊಟದ ಬಗ್ಗೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಪುರಾಣವನ್ನೇ ಹೇಳುತ್ತೇನೆ.

ನಿರ್ವಾಹಕ
ಹೌದು, ದಯವಿಟ್ಟು ಬೇರೆ ಎಳೆ. ಇಲ್ಲಿ ಟಿ.ವಿ. ಕಾರ್ಯಕ್ರಮಗಳ ಮಾತು ಮಾತ್ರ.

ಪೋರ್ಟ್ ಬ್ಲೇರ್ ಬಿಟ್ಟವ
ಬ್ಯಾಂಕಿನ ಕೆಲಸದ ಮೇಲೆ ಕೆಲವು ವರ್ಷ ಅಂಡಮಾನಿನಲ್ಲಿದ್ದೆ. ತದಡಿಯವರ ಮೂಲ ವಾದವನ್ನೇ ನಾನು ಒಪ್ಪುವುದಿಲ್ಲ. ಕೆಲವು ದ್ವೀಪಗಳಲ್ಲಿ ಜನರನ್ನು ತೋರಿಸದಿರುವುದೇ ಮರ್ಯಾದೆ.

1974ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಾಕ್ಷ್ಯಚಿತ್ರದ ತಂಡ, ಹೊರಗಿನವರನ್ನು ಹತ್ತಿರ ಬಿಡದ ಆದಿವಾಸಿಗಳಿರುವ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಯಿತು. ತೀರದಲ್ಲಿ ತೆಂಗಿನಕಾಯಿ, ಅಲ್ಯೂಮಿನಿಯಂ ಪಾತ್ರೆ, ಪ್ಲಾಸ್ಟಿಕ್ ಆಟಿಕೆ ಕಾರು, ಗೊಂಬೆ, ಕಟ್ಟಿಹಾಕಿದ ಜೀವಂತ ಹಂದಿ ಇಟ್ಟರು. ಬಾಣ ಬಂದು ನಿರ್ದೇಶಕರ ತೊಡೆಗೆ ಚುಚ್ಚಿತು. ಹಂದಿಯನ್ನೂ ಗೊಂಬೆಯನ್ನೂ ಆ ಜನ ಮರಳಿನಲ್ಲಿ ಹೂತರು. ಇದಕ್ಕಿಂತ ಸ್ಪಷ್ಟವಾಗಿ 'ಬೇಡ' ಎಂದು ಹೇಳಲು ಯಾವ ಭಾಷೆ ಬೇಕು? ಆದರೂ 2018ರಲ್ಲಿ ಒಬ್ಬ ಅಮೆರಿಕನ್ ಯುವಕ ಧರ್ಮಪ್ರಚಾರಕ್ಕೆಂದು ಹೋಗಿ ಪ್ರಾಣ ಕಳೆದುಕೊಂಡ.

ಅಂಡಮಾನಿನದೇ ಇನ್ನೊಂದು ಆದಿವಾಸಿ ಗುಂಪಾದ ಜಾರವಾ ಜನರ ಕಥೆ ಇನ್ನೂ ನಾಚಿಕೆಗೇಡು. ಅವರ ಕಾಡಿನ ನಡುವೆ ಅಂಡಮಾನ್ ಟ್ರಂಕ್ ರಸ್ತೆ ಹೋಗುತ್ತದೆ. ಅದರ ಆ ಭಾಗವನ್ನು ಮುಚ್ಚಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. 2012ರಲ್ಲಿ ತಿಂಡಿ ಕೊಟ್ಟು ಜಾರವಾ ಹೆಣ್ಣುಮಕ್ಕಳನ್ನು ಕುಣಿಸುವ ವಿಡಿಯೊ ಹೊರಬಂತು. ಅಲ್ಲಿ ವಾಹನಗಳು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಹೋಗುತ್ತವೆ, ಕಿಟಕಿಗಳಿಂದ ಮೊಬೈಲ್‌ಗಳು ಹೊರಗೆ ಚಾಚಿರುತ್ತವೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಅವರಿಗೆ ರಕ್ಷಣೆ ಕೊಡುವ ಕಾನೂನು 1956ರದು. ಕಾನೂನಿಗೆ ವಯಸ್ಸಾಯಿತು, ನಮ್ಮ ಚಪಲಕ್ಕೆ ಆಗಲಿಲ್ಲ.

ತದಡಿ ತೀರ
ಸೆಂಟಿನೆಲ್ ಬಗ್ಗೆ ನನ್ನ ತಕರಾರು ಇಲ್ಲ. ನಾನು ಕೇಳಿದ್ದು ಶಾಲೆ, ಮಸೀದಿ, ಪಂಚಾಯಿತಿ ಇರುವ, ಪ್ರವಾಸಿಗರಿಂದಲೇ ಬದುಕುವ ಊರುಗಳ ಬಗ್ಗೆ. ಆ ಎರಡನ್ನೂ ಒಂದೇ ಮಾಡಬೇಡಿ. ಕೊಮೊಡೊ ಉದ್ಯಾನದ ಪ್ರವೇಶ ಶುಲ್ಕವನ್ನು 2022ರಲ್ಲಿ 37.5 ಲಕ್ಷ ರೂಪಾಯಿಗೆ ಏರಿಸಲು ಹೊರಟಾಗ ಅಲ್ಲಿಗೆ ದೋಣಿ ಹೊರಡುವ ಲಬುವಾನ್ ಬಾಜೋ ಊರಿನಲ್ಲಿ ದೋಣಿಯವರು, ಹೋಟೆಲಿನವರು, ಮಾರ್ಗದರ್ಶಿಗಳು ಮುಷ್ಕರ ಹೂಡಿದರು. ಅದು ಅವರ ರೂಪಾಯಿ, ಅಂದರೆ ರುಪಿಯಾ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರದ ಸುತ್ತ. ಕೊನೆಗೆ ಸರ್ಕಾರ ಹಿಂದೆ ಸರಿಯಿತು. ಆ ಜನರಿಗೆ ಕ್ಯಾಮೆರಾ ಬೇಕಿತ್ತು, ಬರಲಿಲ್ಲ.

ಪೋರ್ಟ್ ಬ್ಲೇರ್ ಬಿಟ್ಟವ
ಬೇಕಾದವರು ಯಾರು, ಬೇಡದವರು ಯಾರು ಎಂದು ತೀರ್ಮಾನಿಸುವುದು ಮತ್ತೆ ಕ್ಯಾಮೆರಾ ಹಿಡಿದವನೇ ಅಲ್ಲವೇ? ನನ್ನ ಹೆದರಿಕೆ ಅದೇ.

ಮಲ್ಲೇಶಿ ಹುಬ್ಬಳ್ಳಿ
ವಾತಾವರಣ ಬಿಸಿಯಾಯಿತು. ಬೇರ್ ಗ್ರಿಲ್ಸ್ ಬಗ್ಗೆ ಯಾರಾದರೂ ಮಾತನಾಡಿ. ಬಂಡೀಪುರಕ್ಕೆ ರಜನಿಕಾಂತ್ ಜೊತೆ ಬಂದಿದ್ದವರು.

ಎಡಿಟಿಂಗ್ ಮೇಜು
ಬಂಡೀಪುರ ದ್ವೀಪವಲ್ಲ. ಆದರೂ ಹೇಳುತ್ತೇನೆ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದು ತೆಪ್ಪ ಕಟ್ಟುವ ಅವರ ಒಂದು ಕಂತು ಚಿತ್ರೀಕರಣವಾದದ್ದು ಹವಾಯಿಯಲ್ಲಿ. ತೆಪ್ಪವನ್ನು ತಂಡದವರು ಮೊದಲೇ ಕಟ್ಟಿ ನೋಡಿ, ಬಿಚ್ಚಿಟ್ಟಿದ್ದರು. ಕೆಲವು ರಾತ್ರಿ ಅವರು ತಂಗಿದ್ದು ಹೋಟೆಲಿನಲ್ಲಿ. ಇದು 2007ರಲ್ಲಿ ಹೊರಬಂತು. 2014ರಲ್ಲಿ ಬ್ರಿಟನ್ನಿನ ಇನ್ನೊಂದು ದ್ವೀಪ ಕಾರ್ಯಕ್ರಮದಲ್ಲಿ ನೀರಿನ ಹೊಂಡಕ್ಕೆ ರಬ್ಬರ್ ಹಾಳೆ ಹಾಸಿ, ಮೊಸಳೆ ಜಾತಿಯ ಪ್ರಾಣಿಗಳನ್ನು ತಂದು ಬಿಟ್ಟಿದ್ದೂ ಬಯಲಾಯಿತು. ಮನರಂಜನೆ ಎಂದು ನೋಡಿದರೆ ತೊಂದರೆಯಿಲ್ಲ.

ಹಳೆ ಆಂಟೆನಾ
ಹಿಂದಿನವರೇನು ಸಾಚಾ ಅಲ್ಲ. ಕಡಲಿನೊಳಗೆ ಚಿತ್ರ ತೆಗೆಯುತ್ತಿದ್ದ ಫ್ರಾನ್ಸಿನ ಕೂಸ್ತೋ ಅವರ 1956ರ 'ದಿ ಸೈಲೆಂಟ್ ವರ್ಲ್ಡ್' ಚಿತ್ರದಲ್ಲಿ ಮೀನುಗಳ ಲೆಕ್ಕ ಹಿಡಿಯಲು ಹವಳದ ದಂಡೆಗೆ ಡೈನಮೈಟ್ ಇಟ್ಟು ಸಿಡಿಸುತ್ತಾರೆ. ಅದಕ್ಕೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯೂ ಬಂತು. ಇಂದು ಅಂಥದ್ದನ್ನು ತೋರಿಸಿದರೆ ಜೈಲು.

ಮಲ್ಲೇಶಿ ಹುಬ್ಬಳ್ಳಿ
ನನ್ನ ಹಳೆಯ ಸಿಟ್ಟು ಒಂದಿದೆ, ಹೇಳಿಬಿಡುತ್ತೇನೆ. ಇವೆಲ್ಲ ತಮಿಳಿನಲ್ಲಿ, ತೆಲುಗಿನಲ್ಲಿ ಬರುತ್ತಿದ್ದಾಗ ನಾವು ಹಿಂದಿಯಲ್ಲಿ ನೋಡಿದೆವು. ಡಬ್ಬಿಂಗ್ ಬೇಡ ಎಂದು ನಮ್ಮವರೇ ಬಾಗಿಲು ಹಾಕಿಕೊಂಡಿದ್ದರು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ನಿಧಾನವಾಗಿ ಬಾಗಿಲು ತೆರೆಯಿತು. 'ವೈಲ್ಡ್ ಕರ್ನಾಟಕ'ಕ್ಕೆ ರಿಷಬ್ ಶೆಟ್ಟಿ ಕನ್ನಡದಲ್ಲಿ ದನಿ ಕೊಟ್ಟಾಗ ನಮ್ಮ ಅಜ್ಜಿ ಮೊದಲ ಬಾರಿಗೆ ಪೂರ್ತಿ ಒಂದು ಪ್ರಾಣಿ ಕಾರ್ಯಕ್ರಮ ನೋಡಿದರು. ಒಂದು ಪೀಳಿಗೆಯ ಮಕ್ಕಳಿಗೆ ಆದ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ರಿಮೋಟ್ ರಾಯರು
ಧ್ವನಿ ಬಂದ್ ಮಾಡಿ ನೋಡಿ. ಉಡಕ್ಕೆ ಯಾವ ಭಾಷೆಯೂ ಬರುವುದಿಲ್ಲ.

ವಿಜ್ಞಾನ ಟೀಚರ್
ಮಡಗಾಸ್ಕರ್ ಬಗ್ಗೆ ಒಂದು ಮಾತು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಹುಟ್ಟಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟಾಗ ಉಕ್ಕಿದ ಲಾವಾದಿಂದ. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲೂ ಇವೆ. ಮಡಗಾಸ್ಕರ್ ಸರಣಿಗಳಲ್ಲಿ ಲೀಮರ್‌ಗಳನ್ನು ತೋರಿಸುವಾಗಲೆಲ್ಲ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಬಂದವರು ಆ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡದ್ದನ್ನು ಮಾತ್ರ ನೆನಪಿಟ್ಟುಕೊಂಡಿರುತ್ತಾರೆ.

ಮಡಗಾಸ್ಕರ್‌ನ ಜನರ ವಿಷಯದಲ್ಲೂ ಟಿ.ವಿ.ಗೆ ಬೇಕಾದಷ್ಟು ಸಾಮಗ್ರಿ ಇದೆ. ಆಫ್ರಿಕಾದ ಪಕ್ಕದಲ್ಲಿದ್ದರೂ ಮಲಗಾಸಿ ಭಾಷೆಯ ಹತ್ತಿರದ ನೆಂಟ ಇರುವುದು ಬೋರ್ನಿಯೋದಲ್ಲಿ. ಸಾವಿರಾರು ಕಿಲೋಮೀಟರ್ ದೋಣಿಯಲ್ಲಿ ದಾಟಿ ಬಂದವರು ಅವರು. ಲೀಮರ್‌ನ ಪೂರ್ವಜರು ಮರದ ದಿಮ್ಮಿಯ ಮೇಲೆ ತೇಲಿಬಂದದ್ದನ್ನು ಚಿತ್ರ ಬರೆದು ವಿವರಿಸುತ್ತಾರೆ, ಮನುಷ್ಯರು ತೇಲಿಬಂದದ್ದಕ್ಕೆ ಒಂದು ವಾಕ್ಯ.

ಕಾಡುಹಾದಿ
ಟೀಚರ್ ಹೇಳಿದ್ದು ಚೆನ್ನಾಗಿದೆ. ನನ್ನ ಕಡೆಯಿಂದ ಒಂದು ಶಿಫಾರಸು: ನ್ಯೂಗಿನಿಯ ಸ್ವರ್ಗಪಕ್ಷಿಗಳ ಕಾರ್ಯಕ್ರಮಗಳು. ಟಿಮ್ ಲೇಮನ್, ಎಡ್ ಸ್ಕೋಲ್ಸ್ ಎಂಟು ವರ್ಷ ಓಡಾಡಿ ಆಗ ಗುರುತಿಸಿದ್ದ 39 ಜಾತಿಗಳನ್ನೂ ಕ್ಯಾಮೆರಾದಲ್ಲಿ ಹಿಡಿದರು. ಹಕ್ಕಿ ಕುಣಿಯುವ ಮರ ಯಾವುದು, ಯಾವ ಕೊಂಬೆ ಎಂದು ಗೊತ್ತಿರುವುದು ಸ್ಥಳೀಯರಿಗೆ. ಪಪುವಾ ನ್ಯೂಗಿನಿಯಲ್ಲಿ ಬಹುಪಾಲು ನೆಲ ಕುಲಗಳ ಒಡೆತನದ್ದು. ಅವರು ಒಪ್ಪದೆ ಮರ ಹತ್ತುವ ಹಾಗಿಲ್ಲ. ಇದನ್ನು ಹೇಳುವಾಗ ನಾನು ತದಡಿಯವರ ಪಕ್ಷಕ್ಕೆ ವಾಲುತ್ತಿದ್ದೇನೆ ಎಂದುಕೊಳ್ಳಬೇಡಿ.

ತದಡಿ ತೀರ
ವಾಲಿದ್ದು ಎಲ್ಲರಿಗೂ ಕಂಡಿತು.

ಇದು ಇಂದಿನ ಮಾತೂ ಅಲ್ಲ. ಬ್ರಿಟಿಷ್ ನಿಸರ್ಗವಿಜ್ಞಾನಿ ವಾಲೆಸ್ 1854ರಿಂದ 1862ರವರೆಗೆ ಆ ಕಡೆಯ ದ್ವೀಪಗಳಲ್ಲಿ ಸುತ್ತಿದಾಗ ಜೊತೆಗಿದ್ದವನು ಸರವಾಕ್‌ನ ಹುಡುಗ ಅಲಿ. 1858ರಲ್ಲಿ ಬಚಾನ್ ದ್ವೀಪದಲ್ಲಿ ಹೊಸ ಸ್ವರ್ಗಪಕ್ಷಿಯನ್ನು ಹೊಡೆದು ತಂದವನು ಅವನೇ. ಹಕ್ಕಿಗೆ ವಾಲೆಸ್ ಹೆಸರು ಬಂತು. ಈಗಿನ ಸರಣಿಗಳ ಕೊನೆಯಲ್ಲಿ ಚಿತ್ರೀಕರಣದ ಹಿಂದಿನ ಹತ್ತು ನಿಮಿಷ ಬರುತ್ತದಲ್ಲ, ಅಲ್ಲಿ ಹೊರೆ ಹೊರುವವರು, ದೋಣಿ ನಡೆಸುವವರು ಒಂದು ಕ್ಷಣ ಕಾಣುತ್ತಾರೆ. ನಾನು ಈಗ ಆ ಹತ್ತು ನಿಮಿಷವನ್ನೇ ಮೊದಲು ನೋಡುತ್ತೇನೆ.

ಎಡಿಟಿಂಗ್ ಮೇಜು
ಆ ಹತ್ತು ನಿಮಿಷಕ್ಕೂ ಒಂದು ವ್ಯಾಪಾರ ಇದೆ. ವಿದೇಶಿ ಚಾನೆಲ್‌ಗಳಲ್ಲಿ ಜಾಹೀರಾತಿಗೆ ಜಾಗ ಬೇಕಾದಾಗ ಕತ್ತರಿಸಿ ಬಿಡಲು ಅದು ಅನುಕೂಲ. ಹಾಗಾಗಿ ನಿಮ್ಮ ದೋಣಿಯವನು ಅಲ್ಲಿ ಕಾಣುವುದು ಕಥೆಗೆ ಧಕ್ಕೆಯಾಗದಂತೆ.

ಸೈಮನ್ ರೀವ್ 2012ರಲ್ಲಿ ಮಾಡಿದ ಹಿಂದೂ ಮಹಾಸಾಗರದ ಸರಣಿ ಸಿಕ್ಕರೆ ನೋಡಿ. ಮಾಲ್ದೀವ್ಸ್‌ಗೆ ಹೋಗಿ ರೆಸಾರ್ಟ್ ತೋರಿಸುವ ಬದಲು ಕಸ ಸುರಿಯುವ ತಿಲಫುಶಿ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ. ಹೊಗೆ, ಪ್ಲಾಸ್ಟಿಕ್, ಅದರಲ್ಲಿ ಕೆಲಸ ಮಾಡುವ ವಲಸೆ ಕಾರ್ಮಿಕರು. ಪ್ರಾಣಿ ಕಡಿಮೆ, ಆದರೆ ದ್ವೀಪ ಪೂರ್ತಿ ಕಾಣುತ್ತದೆ.

ಪರ್ತ್ ಕನ್ನಡತಿ
ಅದನ್ನು ನೋಡಿದ್ದೇನೆ, ಚೆನ್ನಾಗಿದೆ. ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಪ್ಲಾನೆಟ್ ಅರ್ತ್‌ನ ಆ ದ್ವೀಪಗಳ ಕಂತಿನಲ್ಲೇ ಕ್ರಿಸ್‌ಮಸ್ ದ್ವೀಪದ ಏಡಿಗಳನ್ನು ಹಳದಿ ಇರುವೆಗಳು ಕೊಲ್ಲುವುದನ್ನು ತೋರಿಸಿದ್ದಾರೆ. ಹಡಗುಗಳ ಮೂಲಕ ಮನುಷ್ಯರೇ ತಂದ ಇರುವೆ ಅದು. ಇರುವೆಗೆ ಸಿಹಿರಸ ಒದಗಿಸುವ ಶಲ್ಕ ಕೀಟವನ್ನು ಹತೋಟಿಯಲ್ಲಿಡಲು 2016ರ ಡಿಸೆಂಬರಿನಲ್ಲಿ ಒಂದು ಪುಟ್ಟ ಕಣಜವನ್ನು ತಂದು ಬಿಟ್ಟರು. ಈಗ ಏಡಿಗಳ ಸಂಖ್ಯೆ ಚೇತರಿಸಿದೆ. ಇವರು ಏನೂ ಹೇಳುವುದೇ ಇಲ್ಲ ಎಂದರೆ ತಪ್ಪಾಗುತ್ತದೆ.

ರಿಮೋಟ್ ರಾಯರು
ಇಷ್ಟು ಹೊತ್ತು ಓದಿದ ಮೇಲೆ ಒಂದೇ ಪ್ರಶ್ನೆ ಉಳಿದಿದೆ. ಆ ಕೆಂಪು ಏಡಿ ತಿನ್ನಲು ಬರುತ್ತದೆಯೇ?

ಪರ್ತ್ ಕನ್ನಡತಿ
ಇಲ್ಲ ರಾಯರೇ, ಯಾರೂ ತಿನ್ನುವುದಿಲ್ಲ, ಅದು ಸಂರಕ್ಷಿತವೂ ಹೌದು. ಅಲ್ಲೇ ಇರುವ ತೆಂಗಿನ ಏಡಿಗೆ ರುಚಿಯ ಖ್ಯಾತಿ ಇದೆ. ಅದಕ್ಕೂ ಕಾನೂನಿನ ಕಾವಲಿದೆ.